ಒಂದು ದಿನದ ಕ್ರೀಡಾಕೂಟದಲ್ಲಿ ಡಿಫೆಂಡರ್ ತಯಾರಾಗುವುದಿಲ್ಲ

ಕರ್ನಾಟಕದ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ



2024ರ ಅಕ್ಟೋಬರಿನಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಮಣಿಪುರದ ಆಶಾಲತಾ ದೇವಿ ಭಾರತದ ಪರ ನೂರನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಅದುವರೆಗೆ ದೇಶದ ಯಾವ ಮಹಿಳೆಯೂ ಆ ಸಂಖ್ಯೆ ಮುಟ್ಟಿರಲಿಲ್ಲ. ಆಕೆ ಡಿಫೆಂಡರ್. ಗೋಲು ಹೊಡೆದವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವ ಹೆಸರಲ್ಲ ಅದು. ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಹಿಂದಿನ ಸಾಲಿನಲ್ಲಿ ನಿಂತು, ತಂಡದ ನಾಯಕತ್ವ ವಹಿಸಿ ಗಳಿಸಿದ ಹೆಸರು. ನಮ್ಮ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಹೆಣ್ಣುಮಕ್ಕಳಲ್ಲಿ ಒಬ್ಬಳು ಅಂಥ ಬದುಕು ಕಟ್ಟಿಕೊಳ್ಳಬೇಕೆಂದರೆ ಈಗಿನ ಕ್ರೀಡಾಕೂಟಗಳ ವ್ಯವಸ್ಥೆ ಅವಳಿಗೆ ದಾರಿ ಕೊಡುವುದಿಲ್ಲ. ಇಲ್ಲಿನ ವಸತಿ ಶಾಲೆಗಳಿಗೆ ತರಬೇತುದಾರರನ್ನು ಕೊಟ್ಟು, ನಾಲ್ಕು ತಾಲ್ಲೂಕುಗಳ ನಡುವೆ ತಿಂಗಳುಗಟ್ಟಲೆ ನಡೆಯುವ ಬಾಲಕಿಯರ ಲೀಗ್ ಆರಂಭಿಸಿ ಎಂದು ಕೇಳಲು ಈ ಪತ್ರ.

ಶಾಲಾ ಕ್ರೀಡೆ ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುವ ಮೆಟ್ಟಿಲು. ಸೋತ ತಂಡ ಅಂದು ಸಂಜೆಯೇ ಬಸ್ ಹತ್ತಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳುವವಳು ಜೋರಾಗಿ ಓಡುವವಳು, ಬಲವಾಗಿ ಒದೆಯುವವಳು. ಡಿಫೆಂಡರಿನ ಕೆಲಸವೇ ಬೇರೆ. ಪಕ್ಕದ ಮೂವರೊಂದಿಗೆ ಒಂದೇ ಸಾಲು ಕಾಯ್ದುಕೊಂಡು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸುವುದು, ಯಾವಾಗ ಮುನ್ನುಗ್ಗಬೇಕು, ಯಾವಾಗ ಸುಮ್ಮನೆ ಹಿಂದೆ ಸರಿಯಬೇಕು ಎಂದು ತೀರ್ಮಾನಿಸುವುದು, ಜೊತೆಗಾರ್ತಿ ತಪ್ಪಿದರೆ ಆ ಜಾಗ ಮುಚ್ಚುವುದು. ಕಬಡ್ಡಿಯ ಮೂಲೆ ಆಟಗಾರ್ತಿ ರೈಡರ್ ಕಾಲು ಚಾಚುವವರೆಗೆ ತಡೆದು ನಿಲ್ಲುವ ಹಾಗೆ, ಇದು ಕಾಯುವ ವಿದ್ಯೆ. ಅದೇ ನಾಲ್ವರು ಒಟ್ಟಿಗೆ ಹತ್ತಾರು ಪಂದ್ಯ ಆಡಿದರೆ ಮಾತ್ರ ಕೈಹತ್ತುತ್ತದೆ. ತಪ್ಪು ಮಾಡದೆ ಇದನ್ನು ಕಲಿತವರಿಲ್ಲ. ಆದರೆ ನಮ್ಮ ಕೂಟಗಳಲ್ಲಿ ಡಿಫೆಂಡರಿನ ಒಂದು ತಪ್ಪಿಗೆ ಇಡೀ ತಂಡದ ಆ ವರ್ಷದ ಆಟವೇ ಮುಗಿಯುತ್ತದೆ. ಮುಂದಿನ ಭಾನುವಾರ ಮತ್ತೊಂದು ಪಂದ್ಯ ಇದೆ ಎಂಬ ಭರವಸೆ ಇದ್ದರೆ ಅದೇ ತಪ್ಪು ಪಾಠವಾಗುತ್ತದೆ.

ವಸತಿ ತರಬೇತಿಯಿಂದ ಏನಾಗುತ್ತದೆ ಎಂಬುದಕ್ಕೆ ಜಾರ್ಖಂಡ್ ಸಾಕ್ಷಿ. 2022ರ ಅಕ್ಟೋಬರಿನಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ನಮ್ಮ ತಂಡದ ನಾಯಕಿ ಅಸ್ತಮ್ ಓರಾಂವ್, ಗುಮ್ಲಾ ಜಿಲ್ಲೆಯ ಬುಡಕಟ್ಟು ಕುಟುಂಬದ ಹುಡುಗಿ. ಆಕೆಯೂ ಡಿಫೆಂಡರ್, ಹಜಾರಿಬಾಗ್‌ನ ಸರ್ಕಾರಿ ವಸತಿ ತರಬೇತಿ ಕೇಂದ್ರದಲ್ಲಿ ಬೆಳೆದವಳು. ಆ ತಂಡದ 21 ಮಂದಿಯಲ್ಲಿ ಆರು ಹುಡುಗಿಯರು ಜಾರ್ಖಂಡಿನವರು. ಅಸ್ತಮ್ ಊರಿಗೆ ಸರ್ಕಾರ ರಸ್ತೆ ಮಾಡಿಸಲು ಹೊರಟಾಗ ಆಕೆಯ ತಂದೆತಾಯಿ ಅದೇ ರಸ್ತೆಯಲ್ಲಿ ಕೂಲಿ ಮಾಡುತ್ತಿದ್ದ ಸುದ್ದಿ ದೇಶವೆಲ್ಲ ಓದಿತು. ಎಚ್.ಡಿ.ಕೋಟೆಯ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳ ಮಕ್ಕಳು ಆಶ್ರಮ ಶಾಲೆಗಳಲ್ಲಿ ಓದುತ್ತಿರುವ ಸ್ಥಿತಿಗೂ ಆಕೆಯ ಬಾಲ್ಯಕ್ಕೂ ದೂರವೇನಿಲ್ಲ. ಆ ತಂಡ ಅಮೆರಿಕದ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5ರಿಂದ ಸೋತಿತಲ್ಲ ಎಂದು ಕೇಳಬಹುದು. ನಿಜ. ಮೂರು ಪಂದ್ಯಗಳಲ್ಲಿ 16 ಗೋಲು ಬಿಟ್ಟುಕೊಟ್ಟ ಆ ಸೋಲು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ಆ ದೇಶಗಳ ಹುಡುಗಿಯರು ಎಳವೆಯಿಂದ ವರ್ಷವಿಡೀ ಆಡಿ ಬಂದವರು. ಹಿಂದಿನ ಸಾಲು ಪಳಗಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ: 2025ರ ಜುಲೈ 5ರಂದು ನಮ್ಮ ಹಿರಿಯರ ತಂಡ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಮುನ್ನಡೆ ಉಳಿಸಿಕೊಂಡು ಬಂದ ಆ ಕೊನೆಯ ನಿಮಿಷಗಳು ಹಿಂದಿನ ಸಾಲಿನ ದುಡಿಮೆ.

ಫುಟ್‌ಬಾಲ್ ನಮ್ಮ ಸೀಮೆಯ ಆಟವಲ್ಲ, ಇಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಸಾಕು ಎನ್ನುವವರಿದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರಿಗೆ ಇದು ಅಚ್ಚುಮೆಚ್ಚಿನ ಆಟ. ಅಂದರೆ ಆಟ ಈ ಮಣ್ಣಿಗೆ ಬಂದು ಎರಡು ತಲೆಮಾರು ಕಳೆದಿವೆ. ಪಕ್ಕದ ಊರಿನ ಹೆಣ್ಣುಮಕ್ಕಳವರೆಗೆ ಬಂದಿಲ್ಲ, ಅಷ್ಟೆ. ಕೊಕ್ಕೊವನ್ನೇ ನೋಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಜಿಲ್ಲೆಯವರೇ ಆದ ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಒಂದು ಹಳ್ಳಿ ಒಂದು ಆಟವನ್ನು ಹಿಡಿದುಕೊಂಡು ನಿತ್ಯ ಆಡಿದ್ದರ ಫಲ ಅದು. ಗೆದ್ದ ಮೇಲೆ ಸರ್ಕಾರ ಪ್ರಕಟಿಸಿದ 5 ಲಕ್ಷ ರೂಪಾಯಿಯನ್ನು, ಮಹಾರಾಷ್ಟ್ರದ ಬಹುಮಾನಕ್ಕೆ ಹೋಲಿಸಿ, ಅವರು ನಿರಾಕರಿಸಿದ್ದು ನಿಮ್ಮ ಇಲಾಖೆಗೆ ನೆನಪಿರಬೇಕು. ಗೆದ್ದವರಿಗೆ ಎಷ್ಟು ಕೊಡಬೇಕೆಂಬ ಚರ್ಚೆ ನ್ಯಾಯವೇ. ಗೆಲ್ಲುವ ಮೊದಲಿನ ಹತ್ತು ವರ್ಷ ಏನು ಕೊಟ್ಟೆವು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು.

ಹೆತ್ತವರ ಆತಂಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ಆಡಿ ಏನು ಉಣ್ಣುತ್ತಾಳೆ? ಮಹಿಳಾ ಲೀಗಿನ ಪ್ರತಿ ಕ್ಲಬ್ ಕನಿಷ್ಠ ಹತ್ತು ಆಟಗಾರ್ತಿಯರಿಗೆ ವರ್ಷಕ್ಕೆ 3.20 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ಒಪ್ಪಂದ ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ತೀರ್ಮಾನಿಸಿತು. ಇದು ದೊಡ್ಡ ಮೊತ್ತವಲ್ಲ, ಮೊಣಕಾಲು ಪೆಟ್ಟಾದರೆ ಅದೂ ನಿಲ್ಲಬಹುದು. ಆದ್ದರಿಂದಲೇ ಓದು ಬಿಡಿಸದ ವಸತಿ ಶಾಲೆಯೇ ಬೇಕು ಎನ್ನುತ್ತಿದ್ದೇನೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಸರ್ಕಾರವೇ ಹೇಳಿರುವ ಶೇ 3ರ ಮೀಸಲಾತಿ ಅವಳ ಕೈಗೆಟಕಬೇಕಾದರೂ ಪಿಯುಸಿ, ಪದವಿ ಬೇಕೇ ಬೇಕು. ಇನ್ನೊಂದು ಅಡ್ಡಿ ಹೊಗೆಸೊಪ್ಪಿನ ದುಡಿಮೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಗಳಲ್ಲಿ ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸುವ ದಿನಗಳಲ್ಲಿ ಮನೆಯ ಎಲ್ಲ ಕೈಗಳೂ ಬೇಕಾಗುತ್ತವೆ. ಶಾಲಾ ಕ್ರೀಡಾಕೂಟಗಳೂ ಆಗಲೇ ಬರುತ್ತವೆ. ಆಟವನ್ನು ಬೇಸಾಯದ ಪಂಚಾಂಗಕ್ಕೆ ಹೊಂದಿಸದೆ ಹುಡುಗಿಯರು ಬರುತ್ತಿಲ್ಲ ಎನ್ನುವುದು ತರವಲ್ಲ. ಪ್ರಯಾಣದ ಖರ್ಚನ್ನಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆ ನೀಗಿಸಿದೆ. ಆದರೆ ಸಂಜೆ ಪಂದ್ಯ ಮುಗಿಸಿದವರಿಗೆ ಊರು ತಲುಪುವ ಬಸ್ ಇರಬೇಕು, ಜೊತೆಗೆ ಶಿಕ್ಷಕಿಯೊಬ್ಬರಿರಬೇಕು.

ಹೊಸ ಕ್ರೀಡಾಂಗಣ ಕೇಳುತ್ತಿಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಆಶ್ರಮ ಶಾಲೆಗಳೂ ಈಗಾಗಲೇ ಇವೆ. ತಾಲ್ಲೂಕಿಗೊಂದರಂತೆ ನಾಲ್ಕು ಶಾಲೆ ಆರಿಸಿ, ಪ್ರತಿಯೊಂದಕ್ಕೂ ಪರವಾನಗಿ ಪಡೆದ ತರಬೇತುದಾರರನ್ನು ನೇಮಿಸಿ, ಅವರಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಿ. ಸೊಪ್ಪಿನ ಕೆಲಸ ತಗ್ಗಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ವಾರಕ್ಕೊಂದು ಪಂದ್ಯದ ಲೀಗ್ ನಡೆಸಿ. ಬೈಲಕುಪ್ಪೆ, ಗುರುಪುರದ ಶಾಲೆಗಳನ್ನೂ ಸೇರಿಸಿಕೊಳ್ಳಿ. ಜಿಲ್ಲಾ ತಂಡದ ಆಯ್ಕೆಯನ್ನು ಒಂದು ದಿನದ ಪರೀಕ್ಷೆಗೆ ಬಿಡದೆ, ಆ ಮೂರು ತಿಂಗಳ ಆಟ ನೋಡಿದವರು ಮಾಡಲಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ಮೀಸಲಿಡುವಿರಾ, ಇಲ್ಲವಾದರೆ ಯಾವ ಕಾರಣಕ್ಕೆ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಜನರಿಗೆ ಬರಹದಲ್ಲೇ ತಿಳಿಸಬೇಕೆಂದು ಕೋರುತ್ತೇನೆ.