ಕೊಂಬೆಯಲ್ಲಿ ಕಂಡ ಬೇರು

ಸುದ್ದಗುಂಟೆಪಾಳ್ಯದ ಶಾಲೆಯೊಂದರ ಆರನೇ ತರಗತಿಯಲ್ಲಿ ‘ಸಸ್ಯದ ಭಾಗಗಳು’ ಅಭ್ಯಾಸ ಪಾಠ. ಬೇರು ಎಲ್ಲಿದೆ ಎಂದು ಕೇಳಿದೆ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ ಚಿತ್ರದ ಕೊಂಬೆ ತೋರಿಸಿದಳು. ತಪ್ಪು ಎಂದು ಮುಂದೆ ಹೋದೆ.

ತಪ್ಪು ನನ್ನದೇ. ಉರ್ದುವಿನ ‘ಬೇರ್’ ಬೋರೆಹಣ್ಣು. ಸಂಸ್ಕೃತದ ‘ಬದರ’ದಿಂದ ಬಂದದ್ದು. ನಮ್ಮ ‘ಬೇರು’ ದ್ರಾವಿಡ ಮೂಲದ್ದು, ತಮಿಳಿನಲ್ಲಿ ‘ವೇರ್’. ಸದ್ದಿನ ಹೋಲಿಕೆ ಬಿಟ್ಟರೆ ನಂಟಿಲ್ಲ. (ಇಂಗ್ಲಿಷಿನ ‘ಬೇರ್’ ಸೇರಿಸಿದರೆ ಕರಡಿಯೂ ಬರುತ್ತದೆ!)

ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ನಾವೆಲ್ಲ ‘ಮಕ್ಕಳಿಗೆ ಗಿಡಗಳ ಪರಿಚಯವಿದೆ’ ಎಂದು ಗೀಚಿ ಮುಗಿಸುತ್ತೇವೆ. ಪಾಠದ ಮುಖ್ಯ ಪದಕ್ಕೆ ಮಕ್ಕಳ ಮನೆಮಾತಿನಲ್ಲಿ ಏನರ್ಥ ಎಂಬುದನ್ನು ಅವರನ್ನೇ ಕೇಳಿ ಅಲ್ಲಿ ಬರೆಯುವುದು ಕಡ್ಡಾಯವಾಗಬೇಕು. ವೀಕ್ಷಣೆಗೆ ಬರುವ ಉಪನ್ಯಾಸಕರೂ ಅದನ್ನು ಪರಿಶೀಲಿಸಬೇಕು.

ಮರುದಿನ ಬೇರುಸಮೇತ ಕೊತ್ತಂಬರಿ ಸೊಪ್ಪು ತಂದು ತೋರಿಸಿದೆ. ‘ಇದು ಜಡ್ ಅಲ್ವಾ ಮಿಸ್!’ ಎಂದಳು. ಮುಂದಿನ ವಾರ ಒಂಬತ್ತನೇ ತರಗತಿಗೆ ನನ್ನ ಪಾಠ ‘ಜಡತ್ವ’.