ಅಡ್ವಾನ್ಸ್ ಕೊಡುವ ಮುನ್ನ

ನಡೆಯುವ ಬೇಕರಿ ಕೊಳ್ಳುವವರು ಓವನ್ ಪರೀಕ್ಷಿಸುತ್ತಾರೆ, ಸಂಜೆ ಹೊತ್ತು ಎದುರು ನಿಂತು ಗಿರಾಕಿಗಳನ್ನು ಎಣಿಸುತ್ತಾರೆ. ಕಾಗದ ಮಾತ್ರ ಓದುವುದಿಲ್ಲ. ಹತ್ತಾರು ಲಕ್ಷದ ವ್ಯವಹಾರಕ್ಕೆ ಒಂದು ಬಾಂಡ್ ಪೇಪರ್, ಅದರಲ್ಲಿ ‘ಮಾಲು, ಫರ್ನಿಚರ್, ಗುಡ್‌ವಿಲ್ ಸಮೇತ ವಹಿಸಿಕೊಟ್ಟಿದ್ದೇನೆ’ ಎಂಬ ಒಂದೇ ಸಾಲು. ಕೇಳಿದರೆ, ‘ನಮ್ಮೂರಿನವರೇ ಸಾರ್, ಮೋಸ ಮಾಡ್ತಾರಾ?’ ಎಂಬ ಉತ್ತರ. ಈ ಸೋಮಾರಿತನಕ್ಕೆ ನಂಬಿಕೆಯೆಂದು ಹೆಸರಿಡಬೇಡಿ.

ವರ್ಷ ತುಂಬುವುದರೊಳಗೆ ಹಳೇ ಮಾಲೀಕ ಅದೇ ರಸ್ತೆಯಲ್ಲಿ ಹೊಸ ಬೇಕರಿ ತೆರೆಯುತ್ತಾನೆ. ಮಾಸ್ಟರೂ ಅಲ್ಲಿಗೇ, ಗಿರಾಕಿಯೂ ಅಲ್ಲಿಗೇ. ಆಗ ವಕೀಲರ ಮನೆಗೆ ಓಟ. ಗುಡ್‌ವಿಲ್ ಮಾರಿದವನು ಇಂತಿಷ್ಟು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡಕೂಡದೆಂದು ಬರೆಸಿಕೊಳ್ಳಲು 1872ರ ಕರಾರು ಕಾಯ್ದೆಯ 27ನೇ ಕಲಮೇ ಅವಕಾಶ ಕೊಟ್ಟಿದೆ. ಮಿತಿ ನ್ಯಾಯವಾಗಿದ್ದರೆ ಸಾಕು. ಕಾಯ್ದೆ ಕೊಟ್ಟಿದ್ದನ್ನು ನೀವೇ ಬರೆಸಿಕೊಳ್ಳದಿದ್ದರೆ ಕೋರ್ಟು ಏನು ಮಾಡೀತು?

ಬಾಕಿಯ ವಿಷಯದಲ್ಲೂ ಇದೇ ಉಡಾಫೆ. ‘ಹಳೇದೆಲ್ಲ ಅವರ ತಲೆಗೆ’ ಎನ್ನುತ್ತೀರಿ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮು ಹಾಗೆನ್ನುವುದಿಲ್ಲ. ವ್ಯಾಪಾರ ಕೈಬದಲಾಗುವವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವನೂ ಕೊಂಡವನೂ ಇಬ್ಬರೂ ಹೊಣೆ. ಬಾಕಿ ಆಮೇಲೆ ನಿರ್ಧಾರವಾದರೂ ಅಷ್ಟೇ. ಮಾರಿದವನು ಫೋನ್ ಎತ್ತದಿದ್ದರೆ ನೋಟಿಸ್ ಬರುವುದು ಗಲ್ಲಾದ ಮೇಲೆ ಕೂತ ನಿಮಗೆ.

ಇನ್ನು ಅರ್ಧ ಚೆಕ್, ಅರ್ಧ ನಗದು ಎಂಬ ಜಾಣತನ. ತೆರಿಗೆ ಉಳಿಯಿತೆಂದು ಬೀಗಿದವರು, ವ್ಯಾಜ್ಯ ಬಂದಾಗ ಕೊಟ್ಟ ನಗದಿಗೆ ರಸೀದಿಯಿಲ್ಲದೆ ಕೈಕೈ ಹಿಸುಕಿಕೊಳ್ಳುತ್ತಾರೆ. ಹಳೇ ಮಾಲೀಕನ ಹೆಸರಿನ ಲೈಸೆನ್ಸನ್ನೇ ಗೋಡೆಗೆ ತೂಗುಹಾಕಿ ವರ್ಷಗಟ್ಟಲೆ ವ್ಯಾಪಾರ ನಡೆಸುವವರೂ ಇದ್ದಾರೆ. ಕಟ್ಟಡದ ಮಾಲೀಕನನ್ನಂತೂ ಕೊನೆಗೆ ನೆನೆಯುತ್ತಾರೆ; ಅವನು ಲಿಖಿತ ಒಪ್ಪಿಗೆ ಕೊಡದಿದ್ದರೆ ಓವನ್ ನಿಮ್ಮದಾದರೂ ಅಂಗಡಿ ನಿಮ್ಮದಲ್ಲ.

ಮಾಡಬೇಕಾದ್ದೇನೂ ಬ್ರಹ್ಮವಿದ್ಯೆಯಲ್ಲ. ಮೂರು ವರ್ಷದ ರಿಟರ್ನ್ಸ್ ಆಡಿಟರಿಗೆ ತೋರಿಸಿ. ಸಾಲ, ಸಂಬಳ, ತೆರಿಗೆ ಬಾಕಿಯ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ, ಅದರಾಚೆ ಏನು ಬಂದರೂ ಮಾರಿದವನೇ ತುಂಬಿಕೊಡಬೇಕೆಂದು ಬರೆಸಿ. ಬೋರ್ಡಿನ ಹೆಸರು ಯಾರಿಗೆ ಸೇರುತ್ತದೆಂದು ಸ್ಪಷ್ಟವಾಗಿರಲಿ. ಕ್ರಯದ ಒಂದು ಪಾಲು ಹಣವನ್ನು ಬಾಕಿ ತೀರುವ ತನಕ ತಡೆಹಿಡಿಯಿರಿ.

ಇಷ್ಟಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುವವನ ಅಂಗಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.