ಮಗ ಚಿಲ್ಕಾದಲ್ಲಿ, ಮಾತ್ರೆ ಕಪಾಟಿನಲ್ಲಿ

ಕಳೆದ ವರ್ಷದ ಒಂದು ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ನಾಲ್ಕೆಕರೆ ಗೋವಿನಜೋಳ, ಎರಡು ಎಮ್ಮೆ, ಒಬ್ಬನೇ ಮಗ. ಆ ಮಗ ನೌಕಾಪಡೆಗೆ ಅಗ್ನಿವೀರನಾಗಿ ಆಯ್ಕೆಯಾಗಿ, ತರಬೇತಿಗೆಂದು ಒಡಿಶಾದ ಚಿಲ್ಕಾಕ್ಕೆ ಹೋಗಿ ಮೂರು ವಾರವಾಗಿತ್ತು. ಅಂದಿನಿಂದ ತಾಯಿಗೆ ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. "ರೊಟ್ಟಿ ಮುರದ್ರ ಅವನ ಮುಖಾನ ಕಣ್ಮುಂದ ಬರತೈತ್ರಿ. ಅಲ್ಲೇನ್ ತಿಂತಾನೋ ಏನೋ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಆಕೆಯ ರಕ್ತದೊತ್ತಡ ನೋಡಿದೆ, ನಾಲ್ಕು ಸಮಾಧಾನದ ಮಾತು ಹೇಳಿದೆ. ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಗಂಡನನ್ನು ಕೊನೆಯಲ್ಲಿ "ನೀವು ಹೇಗಿದ್ದೀರಿ?" ಎಂದು ಕೇಳಿದೆ. "ನಂದೇನೈತ್ರಿ ಸಾಹೇಬ್ರ. ಎದಿ ಒಂಚೂರು ಭಾರ ಅನಸ್ತೈತಿ. ಮಗನ ಚಿಂತಿ, ಮತ್ತೇನಿಲ್ಲ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಹೊರಗೆ ಹದಿನೈದು ಮಂದಿ ಕಾಯುತ್ತಿದ್ದರು. ಆಮ್ಲಪಿತ್ತಕ್ಕೆ ಒಂದು ಮಾತ್ರೆ ಬರೆದುಕೊಟ್ಟು ಕಳಿಸಿದೆ.

ಹನ್ನೆರಡು ದಿನಗಳ ನಂತರ ಬೆಳಗಿನ ಜಾವ ಎಮ್ಮೆ ಹಿಂಡುತ್ತಿದ್ದಾಗ ಅವರಿಗೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೂತಲ್ಲೇ ಕುಸಿದರು. ನೆರೆಯವರು ವಾಹನದಲ್ಲಿ ಕರೆತಂದರು. ಇಸಿಜಿ ತೆಗೆದಾಗ ಹೃದಯಾಘಾತವೆಂದು ಸ್ಪಷ್ಟವಾಯಿತು. ಹುಬ್ಬಳ್ಳಿಗೆ ಕಳಿಸಿದೆವು. ಅಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು.

ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿಗಳು ಹೀಗಿವೆ. ಆತನಿಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಗ ಹೊರಟ ದಿನದಿಂದ ಸೋಮವಾರ ಮತ್ತು ಶನಿವಾರ ಉಪವಾಸದ ಹರಕೆ ಹೊತ್ತಿದ್ದರು. ಉಪವಾಸದ ದಿನ ಮಾತ್ರೆ ನುಂಗಿದರೆ ತಲೆ ತಿರುಗೀತೆಂದು ಬಿಟ್ಟರು. ಕ್ರಮೇಣ ಉಳಿದ ದಿನಗಳಲ್ಲೂ ಬಿಟ್ಟುಹೋಯಿತು. ಅಲ್ಲಿ ಮಗನನ್ನು ನಸುಕಿನಲ್ಲೇ ಎಬ್ಬಿಸುತ್ತಾರೆಂದು ಕೇಳಿ ತಾವೂ ನಾಲ್ಕಕ್ಕೆ ಏಳತೊಡಗಿದ್ದರು. ಆ ಎದೆಭಾರವಾದರೂ ಹೊಲದ ಏರಿ ಹತ್ತುವಾಗ ಬರುತ್ತಿತ್ತು, ಕುಳಿತರೆ ಹೋಗುತ್ತಿತ್ತು. "ಯಾವಾಗ ಬರುತ್ತದೆ?" ಎಂಬ ಒಂದೇ ಪ್ರಶ್ನೆಯನ್ನು ನಾನು ಅಂದು ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ. ತಪ್ಪು ನನ್ನದು. ಆ ತಪ್ಪಿನಿಂದ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿಯೇ ಈ ವಾರದ ಬರಹ.

ಮಕ್ಕಳನ್ನು ಸೇನೆಗೆ ಕಳಿಸಿದ ಮನೆಗಳು ನಮ್ಮ ನಾಡಿನಲ್ಲಿ ಹೊಸವೇನಲ್ಲ. ಆದರೆ 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಹದಿನೇಳೂವರೆ, ಹದಿನೆಂಟರ ಹುಡುಗರೊಂದಿಗೆ ಹುಡುಗಿಯರೂ ನೌಕಾಪಡೆಯ ಈ ದಾರಿ ಹಿಡಿದಿದ್ದಾರೆ. ಅಗ್ನಿವೀರರಿಗೆ ಮೊದಲ ತರಬೇತಿ ನಡೆಯುವುದು ಒಡಿಶಾದ ಖೊರ್ಧಾ ಜಿಲ್ಲೆಯಲ್ಲಿ, ಚಿಲಿಕಾ ಸರೋವರದ ಬದಿಯ ಐಎನ್‌ಎಸ್ ಚಿಲ್ಕಾದಲ್ಲಿ. ಅವಧಿ ಸುಮಾರು 16 ವಾರ. ಮೊದಲ ತಂಡದ ಸುಮಾರು 2,600 ಮಂದಿ 2023ರ ಮಾರ್ಚ್ 28ರಂದು ತರಬೇತಿ ಮುಗಿಸಿ ಕವಾಯತು ನಡೆಸಿದರು. ಅವರಲ್ಲಿ 250ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು.

ಹದಿನಾರು ವಾರವೆಂದರೆ ನಾಲ್ಕು ತಿಂಗಳೂ ತುಂಬುವುದಿಲ್ಲ. ಹಾಸ್ಟೆಲಿಗೆ ಹೋದ ಮಕ್ಕಳು ಇದಕ್ಕಿಂತ ಹೆಚ್ಚು ಕಾಲ ಮನೆ ಬಿಟ್ಟಿರುವುದುಂಟು. ಹಾಗಿದ್ದರೂ ಈ ಅಗಲಿಕೆ ಏಕೆ ಇಷ್ಟು ಭಾರ? ಹಾಸ್ಟೆಲಿನ ಮಗು ಬೇಕೆಂದಾಗ ಫೋನು ಮಾಡುತ್ತದೆ, ಹಬ್ಬಕ್ಕೆ ಬಸ್ಸು ಹತ್ತುತ್ತದೆ. ತರಬೇತಿಯಲ್ಲಿ ಅದು ಸಾಧ್ಯವಿಲ್ಲ. ನನ್ನ ರೋಗಿಯ ಮಗನಿಗೆ ವಾರಕ್ಕೊಮ್ಮೆ, ಭಾನುವಾರ, ಕೆಲವೇ ನಿಮಿಷ ಮಾತಾಡಲು ಸಿಗುತ್ತಿತ್ತು. ಉಳಿದ ಆರು ದಿನ ತಂದೆತಾಯಿಯ ಮನಸ್ಸು ತನಗೆ ತೋಚಿದ ಚಿತ್ರ ಬಿಡಿಸುತ್ತದೆ. ಟಿವಿಯಲ್ಲಿ 'ಒಡಿಶಾಕ್ಕೆ ಚಂಡಮಾರುತ' ಎಂಬ ಸಾಲು ಹರಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ಬಂದದ್ದು ಒಡಿಶಾದ ಉತ್ತರ ಭಾಗದ ಧಾಮ್ರಾ ಬಳಿಯ ತೀರಕ್ಕೆ. ಚಿಲ್ಕಾ ಅಲ್ಲಿಂದ ಬಹಳ ದೂರ. ಆದ್ದರಿಂದ ಮನೆಯಲ್ಲಿ ಒಂದು ಭೂಪಟ ತೂಗುಹಾಕಿ. ಎಷ್ಟೋ ಭಯಗಳು ಭೂಪಟ ನೋಡಿದರೆ ಅರ್ಧ ಇಳಿಯುತ್ತವೆ.

ಇನ್ನು ಅಲ್ಲಿ ಮಗುವಿಗೆ ಏನಾಗುತ್ತದೆ? ಓಟ, ಕವಾಯತು, ಈಜು, ಶಿಸ್ತು. ಮೊದಲ ವಾರಗಳಲ್ಲಿ ಕಾಲಲ್ಲಿ ಬೊಕ್ಕೆ, ಮೈಕೈ ನೋವು, ಮನೆಯ ನೆನಪು ಸಹಜ. ನೂರಾರು ಮಂದಿ ಒಂದೆಡೆ ಇರುವಾಗ ಒಬ್ಬರ ನೆಗಡಿ ಇನ್ನೊಬ್ಬರಿಗೆ ಹರಡುವುದೂ ಸಹಜ. ಆದರೆ ನಿಮ್ಮ ಮಗು ದಿಕ್ಕಿಲ್ಲದ ಕಡೆಯಲ್ಲಿಲ್ಲ. ಅಲ್ಲೇ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ನಿವಾರಿಣಿ ಇದೆ. ಜ್ವರ ಬಂದರೆ ನೋಡಲು ವೈದ್ಯರಿದ್ದಾರೆ. ನಿಜ ಹೇಳಬೇಕೆಂದರೆ, ಆ ನಾಲ್ಕು ತಿಂಗಳು ಮಗನ ಆರೋಗ್ಯದ ಮೇಲೆ ನಿಗಾ ಇಡುವವರು ಇರುತ್ತಾರೆ. ಅಪ್ಪ ಅವ್ವನ ಆರೋಗ್ಯದ ಮೇಲೆ ಯಾರೂ ಇರುವುದಿಲ್ಲ.

ಇದೇ ನನ್ನ ಮುಖ್ಯ ಮಾತು. ಮಗನಿಗಾಗಿ ಕೊರಗುವುದು ಕಾಯಿಲೆಯಲ್ಲ. ಅದಕ್ಕೆ ಔಷಧಿಯೂ ಬೇಕಿಲ್ಲ. ಆದರೆ ಆ ಕೊರಗಿನ ಹೆಸರಿನಲ್ಲಿ ನಿಜವಾದ ಕಾಯಿಲೆಯನ್ನು ಮುಚ್ಚಿಡಬಾರದು.

ಮೊದಲನೆಯದಾಗಿ, ಮಾತ್ರೆಗಳ ವಿಷಯ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಹೃದಯದ ಮಾತ್ರೆಗಳನ್ನು ಒಂದು ದಿನವೂ ನೀವಾಗಿ ನಿಲ್ಲಿಸಬೇಡಿ. ಹರಕೆ ನಿಮ್ಮ ನಂಬಿಕೆ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರು ಉಪವಾಸ ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಕೆಲವು ಮಾತ್ರೆಗಳನ್ನು, ಇನ್ಸುಲಿನ್ನನ್ನು ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಮಾತ್ರೆಯನ್ನೇ ಬಿಟ್ಟರೆ ಏರುತ್ತದೆ. ಯಾವುದನ್ನು ಎಷ್ಟು ಬದಲಿಸಬೇಕೆಂಬುದನ್ನು ವೈದ್ಯರು ಹೇಳಬಲ್ಲರು. ಊಟ ಬಿಡುವ ಬದಲು ದಿನಕ್ಕೆ ಅರ್ಧ ಗಂಟೆ ಗುಡಿಯವರೆಗೆ ನಡೆದು ಬರುವ ಹರಕೆ ಹೊತ್ತರೆ ದೇವರೂ ಬೇಡವೆನ್ನಲಾರ, ಡಾಕ್ಟರೂ ಬೇಡವೆನ್ನಲಾರ.

ಎರಡನೆಯದು, ಎದೆಯ ವಿಷಯ. ನಡೆಯುವಾಗ, ಏರು ಹತ್ತುವಾಗ, ಭಾರ ಎತ್ತುವಾಗ ಎದೆ ಹಿಡಿದಂತಾಗಿ ಕುಳಿತರೆ ಕಡಿಮೆಯಾದರೆ ಅದನ್ನು ಚಿಂತೆಯೆನ್ನಬೇಡಿ. ನೋವು ಎಡದೋಳಿಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಬೆವರು, ಉಸಿರು ಕಟ್ಟುವಿಕೆ, ಅತಿಯಾದ ಸುಸ್ತು ಮಾತ್ರ ಕಾಣಿಸಬಹುದು. ಅಂಥವರಿಗೆ ಅಂದೇ ಇಸಿಜಿ ಆಗಬೇಕು. ಕುಳಿತರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಇಸಿಜಿ ಸರಿಯಿದ್ದು, ಮಗನ ನೆನಪೇ ಕಾರಣವೆಂದು ತಿಳಿದುಬಂದರೆ ಸಂತೋಷ. ಅದು ತೀರ್ಮಾನವಾಗಬೇಕಾದದ್ದು ಪರೀಕ್ಷೆಯ ನಂತರ.

ಮೂರನೆಯದು, ನಿದ್ದೆ. ಮೊದಲ ಒಂದೆರಡು ವಾರ ನಿದ್ದೆ ಕೆಟ್ಟರೆ ಗಾಬರಿ ಬೇಡ. ಸಂಜೆಯ ಮೇಲೆ ಚಹಾ ಬಿಡಿ, ಹಗಲು ಮಲಗಬೇಡಿ, ಹಾಸಿಗೆಯಲ್ಲಿ ಮೊಬೈಲು ಹಿಡಿದು ಮಗನ ಹಳೆಯ ಫೋಟೋ ನೋಡುತ್ತ ಕೂರಬೇಡಿ. ಅಂಗಡಿಯಲ್ಲಿ ಯಾರದೋ ಚೀಟಿ ತೋರಿಸಿ ಆಲ್‌ಪ್ರಜೋಲಾಂನಂಥ ನಿದ್ದೆ ಮಾತ್ರೆ ತರಬೇಡಿ. ಅದು ಬೇಗ ಅಭ್ಯಾಸವಾಗುತ್ತದೆ, ಥಟ್ಟನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ. ನನ್ನ ವೃತ್ತಿಬಾಂಧವರಲ್ಲೂ ಒಂದು ಮಾತು. ಅಳುವ ತಾಯಿಯ ಕೈಗೆ ಮೊದಲ ಭೇಟಿಯಲ್ಲೇ ನಿದ್ದೆ ಮಾತ್ರೆ ಕೊಡುವುದು ನಮಗೆ ಸುಲಭ, ಆಕೆಗೆ ದುಬಾರಿ. ಹಾಗೆಯೇ ಅಳದ ಗಂಡನನ್ನು ಪರೀಕ್ಷಿಸದೆ ಕಳಿಸುವುದು ಇನ್ನೂ ದುಬಾರಿ. ನಮ್ಮಲ್ಲಿ ಹೆಂಗಸರು ಅತ್ತು ಹಗುರಾಗುತ್ತಾರೆ; ಗಂಡಸರು ಬೀಡಿ ಹಚ್ಚುತ್ತಾರೆ, ಸಂಜೆಯ ಒಂದು ಕ್ವಾರ್ಟರ್ ಎರಡಾಗುತ್ತದೆ. ಆ ಮೌನವನ್ನು ಧೈರ್ಯವೆಂದು ತಿಳಿಯಬಾರದು.

ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ನಿದ್ದೆ ಸರಿಹೋಗಿಲ್ಲ, ಕೆಲಸ ಸಾಗುತ್ತಿಲ್ಲ, ಬದುಕೇ ಬೇಡವೆನಿಸುತ್ತಿದೆ ಎಂದರೆ ಅದು ಬರೀ ಅಗಲಿಕೆಯ ನೋವಲ್ಲ, ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಆ ಭಾನುವಾರದ ಫೋನಿನ ವಿಷಯ. ಸಿಗುವ ಕೆಲವೇ ನಿಮಿಷಗಳಲ್ಲಿ ಇಬ್ಬರೂ ಅತ್ತರೆ ಮಗು ಆ ಅಳುವನ್ನು ಇಡೀ ವಾರ ಹೊತ್ತು ತಿರುಗುತ್ತದೆ. ಅಳು ಬಂದರೆ ತಪ್ಪಲ್ಲ; ಅದರ ಜೊತೆಗೆ ಎಮ್ಮೆ ಈದದ್ದು, ಮಳೆ ಬಿದ್ದದ್ದು, ಗೆಳೆಯನ ಮದುವೆ ಗೊತ್ತಾದದ್ದು, ಇಂಥ ನಾಲ್ಕು ಮಾತೂ ಇರಲಿ. ಮೊದಲ ವಾರಗಳಲ್ಲಿ "ನಾನು ವಾಪಸ್ ಬರ್ತೀನಿ" ಎಂದು ಎಷ್ಟೋ ಮಕ್ಕಳು ಹೇಳುತ್ತಾರೆ. ಆಗ "ನಾಳೆಯೇ ಬಾ" ಎನ್ನಬೇಡಿ, "ಊರಲ್ಲಿ ಮಾನ ಹೋಗುತ್ತೆ" ಎಂದು ಗದರಲೂ ಬೇಡಿ. "ಹೇಳಪ್ಪ, ಕೇಳ್ತಿದ್ದೀನಿ" ಎನ್ನಿ. ಹಲವರಿಗೆ ಹೇಳಿಕೊಂಡರೇ ಹಗುರಾಗುತ್ತದೆ. ಆದರೆ ಮಗು ಸಾಯುವ ಮಾತಾಡಿದರೆ, ಅಥವಾ ವಾರ ವಾರಕ್ಕೂ ದನಿ ಕುಗ್ಗುತ್ತಿದೆ ಎನಿಸಿದರೆ ತಡಮಾಡದೆ ಅಲ್ಲಿನ ಅಧಿಕಾರಿಗಳಿಗೆ ತಿಳಿಸಿ. ಅದು ಚಾಡಿಯಲ್ಲ, ಕರ್ತವ್ಯ. ಮಗು ಹೊರಡುವ ಮುನ್ನವೇ, ಇಲ್ಲವೇ ಮೊದಲ ಕರೆಯಲ್ಲೇ, ತುರ್ತಿಗೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಕೇಳಿ ಗೋಡೆಯ ಮೇಲೆ ಬರೆದಿಡಿ.

ನಾಲ್ಕು ವರ್ಷದ ನಂತರ ಏನು ಎಂಬ ಚಿಂತೆಯೂ ಅನೇಕರನ್ನು ಕಾಡುತ್ತದೆ. ಅಗ್ನಿವೀರರಲ್ಲಿ ಶೇ. 25ರವರೆಗೆ ಮಾತ್ರ ಸೇವೆಯಲ್ಲಿ ಮುಂದುವರಿಸುವುದು ಈ ಯೋಜನೆಯ ಮೂಲ ನಿಯಮ. ಇದರ ಸರಿತಪ್ಪು ಚರ್ಚಿಸಲು ಇದು ಸ್ಥಳವಲ್ಲ. ಆದರೆ ಆ ಚಿಂತೆಯನ್ನು ಬೂಟಿನ ಲೇಸು ಕಟ್ಟುವುದನ್ನು ಈಗಷ್ಟೇ ಕಲಿಯುತ್ತಿರುವ ಹುಡುಗನ ತಲೆಗೆ ಕಟ್ಟಬೇಡಿ.

ಕೊನೆಯದು, ಮನೆಯ ಕಾಯಿಲೆಯನ್ನು ಮಗುವಿಗೆ ಹೇಳಬೇಕೇ, ಬೇಡವೇ? ನನ್ನ ರೋಗಿಯ ಮನೆಯಲ್ಲಿ ಬೇಡವೆಂದು ತೀರ್ಮಾನಿಸಿದ್ದರು. ಭಾನುವಾರ ಕರೆ ಬಂದಾಗ "ಅಪ್ಪ ಹೊಲಕ್ಕ ಹೋಗ್ಯಾನ" ಎಂದು ತಾಯಿ ಹೇಳುತ್ತಿದ್ದರು. ಎರಡು ಭಾನುವಾರ ಹೀಗೇ ಕಳೆಯಿತು. ಮೂರನೆಯ ಭಾನುವಾರ ಮಗ ಕೇಳಿದ: "ರಾತ್ರಿ ಎಂಟು ಗಂಟೆಕ್ಕ ಎಂಥಾ ಹೊಲ ಯವ್ವಾ?" ಅಪ್ಪ ಬದುಕಿಲ್ಲವೆಂದೇ ಆ ಹುಡುಗ ವಾರವಿಡೀ ತಿಳಿದಿದ್ದನಂತೆ. ಆ ರಾತ್ರಿ ಸೋದರಮಾವ ಫೋನು ತೆಗೆದುಕೊಂಡು ನಡೆದದ್ದನ್ನೆಲ್ಲ ಹೇಳಿ, ಅಪ್ಪನ ಕೈಗೇ ಕೊಟ್ಟರು. ಅಪ್ಪನ ದನಿ ಕೇಳಿದ ಮೇಲೆ ಅವನು ಊಟ ಮಾಡಿದ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸಣ್ಣಪುಟ್ಟ ನೆಗಡಿ ಜ್ವರ ಹೇಳಬೇಕಿಲ್ಲ. ದೊಡ್ಡದನ್ನು ಮುಚ್ಚಬಾರದು. ಏನಾಯಿತು, ಯಾವ ಚಿಕಿತ್ಸೆ ನಡೆಯಿತು, ಈಗ ಹೇಗಿದ್ದಾರೆ, ಈ ಮೂರನ್ನು ಇದೇ ಕ್ರಮದಲ್ಲಿ ನೇರವಾಗಿ ಹೇಳಿ. ಪರಿಸ್ಥಿತಿ ಗಂಭೀರವಿದ್ದರೆ ಮೊದಲು ಅಧಿಕಾರಿಗಳಿಗೆ ತಿಳಿಸಿ. ಆಗ ಸುದ್ದಿ ಕೇಳುವ ಹೊತ್ತಿಗೆ ಮಗುವಿನ ಪಕ್ಕದಲ್ಲಿ ಯಾರಾದರೂ ಇರುತ್ತಾರೆ.

ಆ ಹುಡುಗ ತರಬೇತಿ ಮುಗಿಸಿದ. ಕವಾಯತಿಗೆ ತಂದೆತಾಯಿಯರೂ ಹೋಗಬಹುದು. ಹೃದಯತಜ್ಞರು ಒಪ್ಪಿದ ಮೇಲೆ ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿದರು. ಹೊರಡುವ ಮುನ್ನ ಆತ ನನ್ನಲ್ಲಿಗೆ ಬಂದು ಮಾತ್ರೆಯ ಡಬ್ಬಿ ತೆರೆದು ತೋರಿಸಿದರು. ಹೋಗಿ ಬರಲು ಬೇಕಾಗುವುದಕ್ಕಿಂತ ನಾಲ್ಕು ದಿನ ಹೆಚ್ಚಿಗೇ ಇತ್ತು. "ರೈಲು ತಡಾ ಆದ್ರ ಇರಲಿ ಅಂತ ಇಟ್ಕೊಂಡೀನ್ರಿ" ಎಂದರು.

ನಿಮ್ಮ ಮಗನೋ ಮಗಳೋ ಇಂದು ಅಲ್ಲಿದ್ದರೆ, ಈ ಪತ್ರಿಕೆ ಮಡಿಸಿಟ್ಟು ಒಂದು ಕೆಲಸ ಮಾಡಿ. ಕಪಾಟು ತೆರೆದು ನಿಮ್ಮ ಮಾತ್ರೆಗಳನ್ನು ಎಣಿಸಿ. ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿದ್ದರೆ ನಾಳೆಯೇ ನಿಮ್ಮ ವೈದ್ಯರಲ್ಲಿಗೆ ಹೋಗಿ. ಮಗು ಸಮವಸ್ತ್ರ ತೊಟ್ಟು ಬಾಗಿಲಿಗೆ ಬಂದ ದಿನ ಬಾಗಿಲು ತೆರೆಯಲು ನೀವಿರಬೇಕು.